ಗೆರಿ ತುಳಿದರೆ ಔಟ್

ಜಹೀರಾಬಾದಿನ ಸರ್ಕಾರಿ ಶಾಲೆಯೊಂದರ ಗೇಟಿನ ಮುಂದೆ ಬೆಳಿಗ್ಗೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಹಲ್ಲು, ಅಂದರೆ ಹಲ್ಲಿಲ್ಲದ ಜಾಗ. ಆರು-ಏಳರ ಮಕ್ಕಳ ಹಾಲುಹಲ್ಲು ಉದುರಿದೆ. ಎಂಟು-ಒಂಬತ್ತರವರ ಪುಟ್ಟ ಮುಖಕ್ಕೆ ಹೊಸ ಬಾಚಿಹಲ್ಲು ತೀರಾ ದೊಡ್ಡದು. ಆರರಿಂದ ಹನ್ನೆರಡರವರೆಗೆ ವರ್ಷಕ್ಕೆ ಸುಮಾರು 5-6 ಸೆಂಟಿಮೀಟರ್ ಎತ್ತರ, 2-3 ಕೆ.ಜಿ. ತೂಕ ಏರುತ್ತದೆ. ಕೂಸಿನ ಬೆಳವಣಿಗೆಯ ವೇಗವೂ ಇಲ್ಲ, ಹದಿಹರೆಯದ ನೆಗೆತವೂ ಇಲ್ಲ. ಹಾಗಾಗಿ ಮನೆಮಂದಿ ಈ ವಯಸ್ಸನ್ನು ಅಷ್ಟಾಗಿ ಗಮನಿಸುವುದಿಲ್ಲ.

ಇವರಲ್ಲಿ ಅನೇಕರಿಗೆ ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ತೆಲುಗು-ಇಂಗ್ಲಿಷು, ಬಜಾರಿನಲ್ಲಿ ದಖನಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಅಂದಿನ ಆಂಧ್ರಪ್ರದೇಶಕ್ಕೆ ಸೇರಿದವು. ಎಷ್ಟೋ ಅಜ್ಜಿಯರ ತವರು ಗೆರೆಯಾಚೆ ಉಳಿಯಿತು. ಹೀಗೆ ಹಲವು ಭಾಷೆಗಳ ನಡುವೆ ಬೆಳೆಯುವುದು ಲಾಭವೇ? ಮಾಂಟ್ರಿಯಲ್ಲಿನ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದ ಪೀಲ್ ಮತ್ತು ಲ್ಯಾಂಬರ್ಟ್, ಎರಡು ಭಾಷೆ ಬಲ್ಲವರೇ ಬುದ್ಧಿಪರೀಕ್ಷೆಯಲ್ಲಿ ಮುಂದಿದ್ದರೆಂದು 1962ರಲ್ಲಿ ಬರೆದರು. ಆದರೆ ಆ ಮಕ್ಕಳಿಗೆ ಎರಡೂ ಭಾಷೆಗಳಲ್ಲಿ ಸರಿಸಮ ಹಿಡಿತವಿತ್ತು. ಮನೆಮಾತನ್ನು ಓದಲು ಬರೆಯಲು ಕಲಿಯದ ಗಡಿಯ ಮಗುವಿಗೂ ಆ ಲಾಭ ತಾನಾಗಿ ದಕ್ಕೀತೆಂದು ನನಗನ್ನಿಸುವುದಿಲ್ಲ.

ಇದೇ ಸೀಮೆಯ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1993ರಲ್ಲಿ ‘ಪಚ್ಚಸಾಲೆ’ ತೆರೆಯಿತು. ದುಡಿಮೆಗೆ ಬಿದ್ದ ಮಕ್ಕಳಿಗೆ ಅಲ್ಲಿ ಪಾಠದ ಜೊತೆಗೆ ಬೇಸಾಯ, ಬಡಗಿತನ, ಕುಂಬಾರಿಕೆ. ‘ನನ್ನ ಕೈಲಾಗುತ್ತದೆ’ ಎಂಬ ಹುಮ್ಮಸ್ಸಿಗೂ ‘ನಾನು ಕಡಿಮೆ’ ಎಂಬ ಅಳುಕಿಗೂ ನಡುವಿನ ಜಗ್ಗಾಟವೇ ಈ ವಯಸ್ಸು ಎಂದವನು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್. ಉಳಿ ಹಿಡಿಯಲು ಕಲಿಸಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನಾರಾಯಣಖೇಡದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿ ತಾಯಿಯ ಪಕ್ಕ ಕೂತು ಮೆಣಸಿನಕಾಯಿ ತೂಗುತ್ತಿದ್ದ ಹುಡುಗಿಗೆ ಹತ್ತು ವರ್ಷವಿದ್ದೀತು. ಪಾವ್ ಕಿಲೋಗೆ ಇಪ್ಪತ್ತಾದರೆ ಮುಕ್ಕಾಲು ಕಿಲೋಗೆ ಎಷ್ಟವ್ವಾ ಎಂದೆ. “ಅರವತ್ರಿ” ಎಂದವಳೇ ಚೀಲಕ್ಕೆ ಕೈ ಚಾಚಿದಳು. ಬ್ರೆಜಿಲಿನ ರೆಸಿಫೆ ನಗರದ ಬೀದಿವ್ಯಾಪಾರದ ಮಕ್ಕಳ ಮೇಲೆ 1985ರಲ್ಲಿ ಪ್ರಕಟವಾದ ಅಧ್ಯಯನ ನೆನಪಾಯಿತು. ಮಾರುವಾಗ ಅವರ ಲೆಕ್ಕ ನೂರಕ್ಕೆ 98 ಸರಿ. ಅದೇ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಬರೆದುಕೊಟ್ಟಾಗ ಸುಮಾರು 37. ನಮ್ಮ ಶಾಲೆಗಳು ಅಳೆಯುವುದು ಈ ಎರಡನೆಯದನ್ನೇ.

ತಾಂಡೂರಿನಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲು. ಅಂಗಳಕ್ಕೆ, ನಡುಮನೆಗೆ, ಗೋಡೆಗೆ, ಎಲ್ಲಕ್ಕೂ ಬೂದು-ನೀಲಿ ಸುಣ್ಣಕಲ್ಲಿನ ಹಾಸು. ಕಲ್ಲು ಪಾಲಿಶ್ ಮಾಡುವ ಜಾಗದ ಹಿಂದಿನ ಓಣಿಯಲ್ಲಿ ಐದಾರು ಹುಡುಗಿಯರು ಕುಂಟೆಬಿಲ್ಲೆಗೆ ಇಳಿದಿದ್ದರು. ಬಿಲ್ಲೆಗೆ ಕಲ್ಲಿನ ಚೂರು ಬೇಕಾದಷ್ಟು ಬಿದ್ದಿತ್ತು. ಒಂಟಿಗಾಲಲ್ಲಿ ತೂಕ ಹಿಡಿದು, ಬಗ್ಗಿ ಬಿಲ್ಲೆ ಎತ್ತಿ, ಗೆರೆ ಮುಟ್ಟದೆ ತಿರುಗುವುದು ಐದರ ಕೂಸಿಗೆ ಕಷ್ಟ, ಒಂಬತ್ತರವಳಿಗೆ ನೀರು ಕುಡಿದಷ್ಟು ಸಲೀಸು.

“ಗೆರಿ ತುಳದಿ, ಔಟ್!”

“ನಾ ಎಲ್ಲಿ ತುಳದೀನಿ?”

ಎಲ್ಲರಿಗಿಂತ ಚಿಕ್ಕವಳು ಕಣ್ಣೆದುರೇ ಗೆರೆ ತುಳಿದಾಗ ಮಾತ್ರ ಯಾರೂ ಕೂಗಲಿಲ್ಲ. ಯಾಕೆಂದು ಕೇಳಿದೆ. “ಸಣ್ಣಾಕಿ ಅದಾಳ್ರಿ, ಆಕಿಗಿ ಮಾಫ್” ಎಂದಳು ಹನ್ನೊಂದರ ಹಿರಿಯಳು. ಏಳರವಳೊಬ್ಬಳು ಸಿಡಿದಳು: “ಗೆರಿ ಅಂದ್ರ ಗೆರಿ!”

ಸ್ವಿಟ್ಜರ್ಲೆಂಡಿನಲ್ಲಿ ಗೋಲಿಯಾಡುವ ಹುಡುಗರ ಜೊತೆ ಕೂತು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಕಂಡದ್ದೂ ಇದನ್ನೇ. ಚಿಕ್ಕವರಿಗೆ ನಿಯಮ ಹಿರಿಯರು ಕೊಟ್ಟದ್ದು, ಬದಲಾಗದ್ದು. ಹತ್ತು ದಾಟಿದವರಿಗೆ ಅದು ತಮ್ಮತಮ್ಮಲ್ಲಿ ಆದ ಒಪ್ಪಂದ. ಎಲ್ಲರೂ ಹೂಂ ಅಂದರೆ ಬದಲಿಸಬಹುದು. ಎಲ್ಲರಿಗೂ ಒಂದೇ ಅಳತೆ ಎಂಬ ಹಟ ಸಡಿಲಿ, ಅವರವರ ಶಕ್ತಿ ನೋಡಿ ನಡೆಯಬೇಕೆಂಬ ನ್ಯಾಯ ಹುಟ್ಟುವುದೂ ಆ ವಯಸ್ಸಿನ ಸುಮಾರಿಗೇ. ಆದರೆ ಇದನ್ನೆಲ್ಲ ಬರೆದ 1932ರ ಪುಸ್ತಕದಲ್ಲೇ ಅವನು, ನಿಯಮದ ಒಳಸೂಕ್ಷ್ಮಗಳ ಗೀಳು ಹುಡುಗಿಯರಿಗೆ ಹುಡುಗರಷ್ಟಿಲ್ಲ ಎಂದುಬಿಟ್ಟ. ಹುಡುಗರನ್ನೇ ಅಳತೆಗೋಲು ಮಾಡಿಕೊಂಡ ಇಂಥ ತೀರ್ಪುಗಳನ್ನು ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ತರಾಟೆಗೆ ತೆಗೆದುಕೊಂಡಳು. ಈ ಓಣಿಯಲ್ಲಿ ಅರ್ಧ ತಾಸು ಕೂತಿದ್ದರೂ ಪಿಯಾಜೆಗೆ ಆ ಮಾತು ಬರೆಯಲು ಕೈ ಬರುತ್ತಿರಲಿಲ್ಲ.

ಕನ್ನಡದಲ್ಲಿ ಶುರುವಾದ ಜಗಳ ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬಂದು ಇತ್ಯರ್ಥವಾಯಿತು. ಸಣ್ಣವಳಿಗೆ ಎರಡು ಸಲ ಮಾಫ್, ಮೂರನೆಯ ಸಲ ಔಟ್. ಏಳರವಳು ತನಗೂ ಒಂದು ಮಾಫ್ ಇರಲಿ ಎಂದಳು. ಸಿಗಲಿಲ್ಲ.