ಕೆನೆಗೆ ಒಲಿದ ಮಣ್ಣು

ಬುಡದಲ್ಲಿ ಮಲಗಿದ ಎರಡು ಆಡುಗಳು, ಓಕ್ ಮರದ ಕೊಂಬೆಯಂಥ ಹಿಡಿ, ಮೂತಿಯ ಕೆಳಗೆ ಉಬ್ಬಿ ನಿಂತ ಹೂಬಳ್ಳಿ, ಅದರ ಮೇಲೊಂದು ಜೇನುನೊಣ. ಒಂದೇ ಕೈಯಲ್ಲಿ ಎತ್ತಬಹುದಾದ ಈ ಪುಟ್ಟ ಕೆನೆ ಜಗ್ಗು ಲಂಡನ್ನಿನ ಚೆಲ್ಸಿ ಕಾರ್ಖಾನೆಯದು. ಇಂಥ ಕೆಲವು ಜಗ್ಗುಗಳ ತಳದಲ್ಲಿ ಒಂದು ತ್ರಿಕೋನ, ಊರಿನ ಹೆಸರು ಮತ್ತು 1745 ಎಂಬ ಇಸವಿಯನ್ನು ಹಸಿಮಣ್ಣಿನಲ್ಲೇ ಗೀರಿದ್ದಾರೆ. ಇಸವಿ ಹೊತ್ತ ಇಂಗ್ಲಿಷ್ ಪಿಂಗಾಣಿಯಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ಪಿಂಗಾಣಿಯ ಮಾತು ಬಂದಾಗ ಟೀಪಾಟಿಗೆ ಮೊದಲ ಮಣೆ ಹಾಕುವುದು ರೂಢಿ. ಆದರೆ ಆ ಕಾಲದ ಇಂಗ್ಲಿಷ್ ಮಣ್ಣಿಗೆ ನಿಜವಾಗಿ ಒಪ್ಪಿದ ಪಾತ್ರೆ ಹಾಲಿನ ಜಗ್ಗೇ ಎಂಬುದು ನನ್ನ ವಾದ. ಅದರ ಮೈಮೇಲಿನ ಹೂವನ್ನೂ ಆ ಮಣ್ಣಿನ ಸ್ವಭಾವದಿಂದಲೇ ಅರ್ಥಮಾಡಿಕೊಳ್ಳಬೇಕು.

ಚೀನಾದ ಕುಂಬಾರರ ಬಳಿ ಕೆಯೋಲಿನ್ ಎಂಬ ಬಿಳಿ ಜೇಡಿಯಿತ್ತು. ಜರ್ಮನಿಯ ಮೈಸೆನ್‌ನಲ್ಲಿ 1710ರಿಂದಲೇ ಗಟ್ಟಿ ಪಿಂಗಾಣಿ ತಯಾರಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಕಾರ್ನ್‌ವಾಲ್‌ನ ಜೇಡಿಯನ್ನು ಬಳಸಿ ಗಟ್ಟಿ ಪಿಂಗಾಣಿ ಮಾಡುವ ಪೇಟೆಂಟನ್ನು ವಿಲಿಯಂ ಕುಕ್‌ವರ್ದಿ ಪಡೆದದ್ದು 1768ರಲ್ಲಿ. ಅದಕ್ಕೂ ಮೊದಲಿನ ಚೆಲ್ಸಿಯವರು ಗಾಜಿನ ಪುಡಿ ಬೆರೆಸಿದ ಮೆದು ಮಣ್ಣನ್ನೇ ನೆಚ್ಚಿಕೊಂಡಿದ್ದರು. ನೋಡಲು ಹಾಲಿನಂತೆ ಚೆಂದ. ಕುದಿನೀರು ಸುರಿದರೆ ಸೀಳುವ ಭಯ. ತಣ್ಣನೆಯ ಕೆನೆಗೆ ಆ ಭಯವಿಲ್ಲ. ಚೆಲ್ಸಿಯವರು ಟೀಪಾಟುಗಳನ್ನೂ ಮಾಡಿದರಲ್ಲ ಎಂದು ಕೇಳಬಹುದು. ಮಾಡಿದರು, ಮಾರಿದರು ಕೂಡ. ಆದರೆ 1751ರಲ್ಲಿ ಶುರುವಾದ ವೂಸ್ಟರ್ ಕಾರ್ಖಾನೆ ಮಣ್ಣಿಗೆ ಬಳಪದ ಕಲ್ಲು ಬೆರೆಸಿ, ಬಿಸಿನೀರಿಗೆ ಬಿರಿಯದ ಪಾತ್ರೆ ಎಂಬ ಗುಣದಿಂದಲೇ ಹೆಸರು ಮಾಡಿತು. ಉಳಿದವರ ಪಾತ್ರೆ ಬಿರಿಯುತ್ತಿರಲಿಲ್ಲವೆಂದರೆ ಆ ಗುಣಕ್ಕೆ ಅಷ್ಟು ಬೆಲೆ ಎಲ್ಲಿಂದ ಬರಬೇಕು? ಇನ್ನೊಂದು ಮಾತೂ ಇದೆ. ಚೀನೀಯರು ಚಹಾಕ್ಕೆ ಹಾಲು ಬೆರೆಸುವವರಲ್ಲ. ಹಾಲಿನ ಜಗ್ಗಿಗೆ ಮಾದರಿ ಅಲ್ಲಿಂದ ಬರಬೇಕಾಗಿರಲಿಲ್ಲ. ಚೆಲ್ಸಿಯನ್ನು ನಡೆಸಿದ ನಿಕೊಲಸ್ ಸ್ಪ್ರಿಮಾಂಟ್ ಲಿಯೇಜ್‌ನಿಂದ ಬಂದ ಬೆಳ್ಳಿ ಕೆಲಸಗಾರ. ಆಡು, ಕೊಂಬೆ, ನೊಣ ಎಲ್ಲವೂ ಬೆಳ್ಳಿಯ ಕುಸುರಿಗೆ ಸಲ್ಲುವ ರೂಪಗಳು.

ಇನ್ನು ಹೂವು. ಇಂಗ್ಲಿಷರ ತೋಟದ ಪ್ರೀತಿಯೇ ಜಗ್ಗಿನ ಮೇಲೆ ಅರಳಿತು ಎಂಬ ವಿವರಣೆ ನನಗೆ ಸಾಲದು. ಮೆದು ಪಿಂಗಾಣಿ ಆವಿಗೆಯಿಂದ ಹೊರಬರುವಾಗ ಸೂಜಿಮೊನೆಯಷ್ಟು ತೂತು, ಕಪ್ಪು ಚುಕ್ಕೆ, ಮೆರುಗು ಕೂಡದ ಜಾಗಗಳನ್ನು ಹೊತ್ತೇ ಬರುತ್ತಿತ್ತು. ಅಂಥ ಕಡೆ ಒಂದು ಎಲೆಯನ್ನೋ ಚಿಟ್ಟೆಯನ್ನೋ ಬರೆದು, ಕಡಿಮೆ ಕಾವಿನಲ್ಲಿ ಮತ್ತೆ ಸುಟ್ಟರೆ ಪಾತ್ರೆ ಮಾರಾಟಕ್ಕೆ ಸಿದ್ಧ. ಹಳೆಯ ಪಾತ್ರೆಗಳಲ್ಲಿ ಹೂಗೊಂಚಲಿನಿಂದ ದೂರ, ಲೆಕ್ಕಕ್ಕೆ ಸಿಗದ ಜಾಗದಲ್ಲಿ ಒಂಟಿ ಹುಳವೊಂದು ಕೂತಿರುವುದು ಇದಕ್ಕೇ. ಕುಂದಿಲ್ಲದ ಮೈಸೆನ್ ಪಿಂಗಾಣಿಯ ಮೇಲೂ ಹೂವಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಮೈಸೆನ್ ಕೂಡ ಕುಂದಿನಿಂದ ಪೂರ್ತಿ ಪಾರಾಗಿರಲಿಲ್ಲ. ಹುಳ ಬರೆದು ಕಲೆ ಮುಚ್ಚುವ ಉಪಾಯ ಅಲ್ಲಿಯೂ ಗೊತ್ತಿತ್ತು. ಚೆಲ್ಸಿಯ ಸಸ್ಯೋದ್ಯಾನ ಕಾರ್ಖಾನೆಗೆ ಹತ್ತಿರವೇ ಇತ್ತೆಂಬುದನ್ನೂ, 1750ರ ದಶಕದ ತಟ್ಟೆಗಳ ಮೇಲೆ ನಿಜವಾದ ಗಿಡಗಳ ಚಿತ್ರಗಳಿವೆ ಎಂಬುದನ್ನೂ ಒಪ್ಪುತ್ತೇನೆ. ಯಾವ ಹೂವು ಎಂಬುದನ್ನು ತೋಟ ತೀರ್ಮಾನಿಸಿತು. ಎಷ್ಟೋ ಸಲ ಅದು ಎಲ್ಲಿ ಎಂಬುದನ್ನು ಕಲೆ ತೀರ್ಮಾನಿಸಿತು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಆಡು-ಜೇನಿನ ಜಗ್ಗುಗಳಲ್ಲಿ ಹಲವು ಬಣ್ಣವೇ ಇಲ್ಲದೆ ಬಿಳಿಯಾಗಿಯೇ ಉಳಿದಿವೆ. ಮುಚ್ಚುವುದೇ ಉದ್ದೇಶವಾಗಿದ್ದರೆ ಅವನ್ನು ಹಾಗೆ ಬಿಟ್ಟದ್ದೇಕೆ? ಅಲ್ಲಿ ಕುಂಚದ ಕೆಲಸವನ್ನು ಉಬ್ಬು ಮಾಡುತ್ತದೆ ಎಂದು ನನಗೆ ತೋರುತ್ತದೆ. ಆಡಿನ ತುಪ್ಪಟ, ಎಲೆಯ ಅಂಚು, ನೊಣದ ರೆಕ್ಕೆ ಇವುಗಳ ನೆರಳಿನಲ್ಲಿ ಸಣ್ಣ ತೂತು ಕಣ್ಣಿಗೆ ಬೀಳದು. ನುಣುಪಾದ ಬರಿ ಮೈಯಲ್ಲಿ ಅದೇ ತೂತು ಎದ್ದು ಕಾಣುತ್ತದೆ. ಆ ನೊಣ ಕೂತಿರುವುದೂ ನೋಟ ಮೊದಲು ಬೀಳುವ ಮೂತಿಯ ಕೆಳಗೇ.

18ನೆಯ ಶತಮಾನ ಮುಗಿಯುವ ಹೊತ್ತಿಗೆ ಸ್ಪೋಡ್ ಕಾರ್ಖಾನೆಯವರು ಎಲುಬಿನ ಬೂದಿ ಬೆರೆಸಿದ ಬೋನ್ ಚೈನಾವನ್ನು ಹದಕ್ಕೆ ತಂದರು. ಸುಮಾರು ಅರ್ಧ ಪಾಲು ಬೂದಿ, ಉಳಿದರ್ಧ ಕಾರ್ನ್‌ವಾಲ್‌ನ ಜೇಡಿ ಮತ್ತು ಕಲ್ಲು. ಮೈ ಬೆಳ್ಳಗಾಯಿತು, ಗಟ್ಟಿಯಾಯಿತು, ಬಿಸಿಗೂ ಜಗ್ಗದಾಯಿತು. ಹೂವು ಮಾತ್ರ ಜಗ್ಗನ್ನು ಬಿಡಲಿಲ್ಲ. 1962ರಲ್ಲಿ ರಾಯಲ್ ಆಲ್ಬರ್ಟ್ ಹೊರತಂದ ‘ಓಲ್ಡ್ ಕಂಟ್ರಿ ರೋಸಸ್’ ಮಾದರಿಯ ಹಾಲಿನ ಜಗ್ಗಿನ ಮೇಲೆ ಕೆಂಪು, ಗುಲಾಬಿ, ಹಳದಿ ಬಣ್ಣದ ಹೂಗಳು ಗೊಂಚಲುಗಟ್ಟಿವೆ, ಅಂಚಿಗೆ ಚಿನ್ನದ ಗೆರೆಯಿದೆ. ಗೊಂಚಲಿನಾಚೆಯ ಜಾಗವೆಲ್ಲ ಬರಿಯ ಬಿಳುಪು; ಅಲ್ಲಿ ಒಂದು ಹುಳವೂ ಇಲ್ಲ.