ಎಲುಬಿನ ಸಾರಿನಿಂದ ಕೊಲಾಜೆನ್ ಡಬ್ಬಿಯವರೆಗೆ

ಮುಖದ ಸುಕ್ಕು ಹೋಗುತ್ತದೆ, ಮಂಡಿನೋವು ಇಳಿಯುತ್ತದೆ ಎಂಬ ಭರವಸೆ ಹೊತ್ತ ಕೊಲಾಜೆನ್ ಪುಡಿಯ ಡಬ್ಬಿಗಳು ಈಗ ಔಷಧದ ಅಂಗಡಿಗಳಲ್ಲಿ ಸಾಲುಗಟ್ಟಿ ಕುಳಿತಿವೆ. ಬೆಲೆಯೇನೂ ಕಡಿಮೆಯಲ್ಲ. ಪಿಂಚಣಿ ಹಣದಲ್ಲಿ ಅದನ್ನು ಕೊಳ್ಳುವವರೂ ಇದ್ದಾರೆ. ಕೊಟ್ಟ ಹಣಕ್ಕೆ ತಕ್ಕ ಫಲ ಉಂಟೇ?

ಗ್ರೀಕ್ ಭಾಷೆಯಲ್ಲಿ 'ಕೊಲ್ಲ' ಎಂದರೆ ಅಂಟು. ತೊಗಲು, ಎಲುಬುಗಳನ್ನು ಕುದಿಸಿದಾಗ ಅಂಟಾಗುವ ವಸ್ತುವೇ ಕೊಲಾಜೆನ್. ಹಾಗೆ ಕುದಿದು ಬಂದದ್ದು ಜೆಲಟಿನ್. ನಮ್ಮ ಚರ್ಮ, ಎಲುಬು, ಕೀಲುಗಳ ಮೃದ್ವಸ್ಥಿಗೆ ಬಿಗಿ ಕೊಡುವುದು ಈ ಪ್ರೋಟೀನೇ. ಮೂರು ಎಳೆ ಹೊಸೆದ ಹಗ್ಗದಂತಿರುವ ಇದರ ರಚನೆಯನ್ನು 1954ರಲ್ಲಿ ಲೋಕದ ಮುಂದಿಟ್ಟವರು ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಇದನ್ನು ತಿಂದರೆ ಮೈಗೆ ಹತ್ತುತ್ತದೆಯೇ ಎಂಬ ವಾದ ಮಾತ್ರ ಅದಕ್ಕಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞ ದಾರ್ಸೆ, ಎಲುಬಿನಿಂದ ತೆಗೆದ ಜೆಲಟಿನ್ ಬಡವರ ಪಾಲಿಗೆ ಮಾಂಸಕ್ಕೆ ಬದಲಾಗಬಲ್ಲದು ಎಂದು ಸಾರಿದ. ಆಸ್ಪತ್ರೆಗಳ ರೋಗಿಗಳಿಗೂ ಅದರ ಸಾರು ಬಡಿಸಲಾಯಿತು. ತಕರಾರು ಹೆಚ್ಚಿದಾಗ ವಿಜ್ಞಾನ ಅಕಾಡೆಮಿಯೇ ಪರೀಕ್ಷೆಗಿಳಿಯಿತು. ಶರೀರಶಾಸ್ತ್ರಜ್ಞ ಮಜಾಂದಿ 1841ರಲ್ಲಿ ವರದಿ ಒಪ್ಪಿಸಿದ: ಬರೀ ಜೆಲಟಿನ್ ಉಣಿಸಿದ ನಾಯಿಗಳು ಸೊರಗಿ ಸತ್ತವು, ಕೆಲವಂತೂ ಕೊನೆಗೆ ಅದನ್ನು ಮೂಸಿಯೂ ನೋಡಲಿಲ್ಲ! ಕಾರಣ ಸ್ಪಷ್ಟವಾದದ್ದು ಆಮೇಲೆ. ದೇಹಕ್ಕೆ ಅತ್ಯಗತ್ಯವಾದ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಜೆಲಟಿನ್‌ನಲ್ಲಿ ಇಲ್ಲ.

ಇಂದಿನ ಡಬ್ಬಿಯವರು ಇದನ್ನೇ ಊಟ ಮಾಡಿ ಎನ್ನುವುದಿಲ್ಲ, ನಿಜ. ಆದರೆ ಹೊಟ್ಟೆಗೆ ಹೋದ ಕೊಲಾಜೆನ್ ನೇರವಾಗಿ ಕೆನ್ನೆಗೋ ಮಂಡಿಗೋ ಹೋಗಿ ಕೂರುವುದಿಲ್ಲ. ಬೇಳೆಯಂತೆ, ಮೊಟ್ಟೆಯಂತೆ ಅದೂ ಜೀರ್ಣವಾಗಿ ಚೂರಾಗುತ್ತದೆ. ಕೆಲವು ಸಣ್ಣ ತುಣುಕುಗಳು ಹಾಗೆಯೇ ರಕ್ತ ಸೇರುವುದುಂಟು. ಅವು ಚರ್ಮದ ಕೋಶಗಳನ್ನು ಪ್ರಚೋದಿಸುತ್ತವೆ ಎಂಬುದು ತಯಾರಕರ ವಾದ.

ಪ್ರಯೋಗಗಳು ಏನು ಹೇಳುತ್ತವೆ? ಚರ್ಮದ ತೇವ, ಬಿಗಿ ಹೆಚ್ಚಿತೆಂದು ಹಲವು ಅಧ್ಯಯನಗಳು ಹೇಳಿವೆ. ಆದರೆ 23 ಪ್ರಯೋಗಗಳನ್ನು ಒಟ್ಟಿಗೆ ತೂಗಿ 2025ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಕುತೂಹಲಕರ ಸಂಗತಿಯೊಂದನ್ನು ಹೊರಗೆಡವಿತು. ಕಂಪನಿಗಳ ಹಣದಿಂದ ನಡೆದ ಪ್ರಯೋಗಗಳಲ್ಲಿ ಗುಣ ಕಂಡಿತ್ತು. ಆ ಹಣ ಪಡೆಯದವುಗಳಲ್ಲಿ ಕಾಣಲಿಲ್ಲ. ಮಜಾಂದಿ ಇದ್ದಿದ್ದರೆ ನಗುತ್ತಿದ್ದನೇನೋ.

ಕೀಲುಗಳ ವಿಷಯ ಸ್ವಲ್ಪ ಬೇರೆ. ಮಂಡಿ ಸವೆದವರಲ್ಲಿ ನೋವು ತುಸು ತಗ್ಗಿತೆಂದು ಕೆಲವು ಚಿಕ್ಕ ಪ್ರಯೋಗಗಳು ತೋರಿಸಿವೆ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯಿತೆಂಬುದಕ್ಕೆ ಮಾತ್ರ ಗಟ್ಟಿ ಪುರಾವೆಯಿಲ್ಲ. ಹೀಗಿರುವಾಗ ತಿಂಗಳುಗಟ್ಟಲೆ ಇದಕ್ಕೆ ದುಡ್ಡು ಸುರಿಯುವುದು ಹೆಚ್ಚಿನವರಿಗೆ ದಂಡವೇ ಸರಿ. ಮಂಡಿಗೆ ವೈದ್ಯರು ಹೇಳಿದ ವ್ಯಾಯಾಮ, ತೂಕ ಇಳಿಕೆ ಹೆಚ್ಚು ನೆರವಾಗುತ್ತವೆ. ಚರ್ಮಕ್ಕೆ ಉರಿಬಿಸಿಲಿನಿಂದ ರಕ್ಷಣೆ, ಬೀಡಿ-ಸಿಗರೇಟಿನಿಂದ ದೂರ. ಕೊಲಾಜೆನ್ ಹೊಸೆಯಲು ದೇಹಕ್ಕೆ ವಿಟಮಿನ್ ಸಿ ಬೇಕೇ ಬೇಕು. ಅದು ಸೀಬೆ, ನೆಲ್ಲಿಕಾಯಿಗಳಲ್ಲಿ ಧಾರಾಳವಾಗಿದೆ.

ಮೂಳೆ ಮುರಿದವರಿಗೆ ಕಾಲು ಸೂಪು ಕುಡಿಸುವ ರೂಢಿ ನಮ್ಮಲ್ಲೂ ಇದೆ. ರುಚಿಗೆ ಕುಡಿಯಲು ಅಡ್ಡಿಯೇನಿಲ್ಲ. ಅಂದಹಾಗೆ, ಸಸ್ಯಾಹಾರಿಗಳು ಡಬ್ಬಿಯ ಚೀಟಿಯನ್ನೊಮ್ಮೆ ಓದಬೇಕು: ಈ ಪುಡಿ ಬರುವುದು ಹೆಚ್ಚಾಗಿ ದನ, ಹಂದಿಗಳ ತೊಗಲು ಅಥವಾ ಮೀನಿನ ಚರ್ಮ, ಹುರುಪೆಗಳಿಂದ. ಗಿಡಮರಗಳಲ್ಲಿ ಕೊಲಾಜೆನ್ ಇರುವುದೇ ಇಲ್ಲ.