ಧಾತು ಬರ: ಕೊಂದದ್ದು ಮಳೆಯೋ, ದರ್ಬಾರೋ?

ಬಳ್ಳಾರಿ: ಮಳೆ ಕೈಕೊಟ್ಟರೆ ಬರ, ಬರ ಬಂದರೆ ಸಾವು. ಇದು ಅರಳಿಕಟ್ಟೆಯ ಲೆಕ್ಕ. ಆದರೆ ಈ ಜಿಲ್ಲೆಯ ಹಳೇ ಕಥೆ ಬೇರೆಯೇ ಲೆಕ್ಕ ಹೇಳುತ್ತೆ.

1876, ಧಾತು ಸಂವತ್ಸರ. ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ರೈಲು ಊರಿಗೆ ಬಂದಾಗಿತ್ತು. ರೈಲಿದ್ದ ಮೇಲೆ ವ್ಯಾಪಾರಸ್ಥರೇ ಕಾಳು ತರುತ್ತಾರೆ, ಸರ್ಕಾರ ಅಡ್ಡ ಬರಬಾರದು ಎಂಬುದು ವೈಸರಾಯ್ ಲಿಟನ್ನರ ವಾದ. ಕಾಳೇನೋ ಬಂತು. ಕೊಳ್ಳೋಕೆ ಜನರ ಕೈಯಲ್ಲಿ ಕಾಸೇ ಇರಲಿಲ್ಲ!

ಸತ್ತವರು ಯಾರು?

ಹೊಲ ಒಣಗಿತು, ಕೂಲಿ ನಿಂತಿತು. ಹೊಟ್ಟೆಗಿಲ್ಲದವನು ಸೀರೆ ಪಂಚೆ ಕೊಳ್ಳುತ್ತಾನೆಯೇ? ಮಗ್ಗವೂ ನಿಂತಿತು. ಹಗೇವಿನಲ್ಲಿ ಜೋಳ ತುಂಬಿಟ್ಟವರು ಹೇಗೋ ಬದುಕಿಕೊಂಡರು. ಕೂಲಿಯವರು, ನೇಕಾರರು, ಸಾಲದಲ್ಲಿ ಮುಳುಗಿದ ಸಣ್ಣ ರೈತರು ದಾರಿಯಲ್ಲೇ ಬಿದ್ದರು.

ಟೆಂಪಲ್ ಸಾಹೇಬರ ತಕ್ಕಡಿ

ಸರ್ಕಾರಕ್ಕೆ ದಾರಿ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1874ರಲ್ಲಿ ಬಿಹಾರಕ್ಕೆ ಬರ ಬಂದಾಗ ರಿಚರ್ಡ್ ಟೆಂಪಲ್ ಉಸ್ತುವಾರಿಯಲ್ಲಿ ಬರ್ಮಾ ಅಕ್ಕಿ ತರಿಸಿ ಹಂಚಿದ್ದರು. ಹಸಿದು ಸತ್ತವರು ಬಲು ಕಮ್ಮಿ. ಆದರೆ ಟೆಂಪಲ್‌ಗೆ ಸಿಕ್ಕಿದ್ದು ದುಂದುಗಾರನೆಂಬ ಬಿರುದು! ಅದೇ ಮನುಷ್ಯ 1877ರಲ್ಲಿ ಮದರಾಸಿಗೆ ಬಂದು ಪರಿಹಾರ ಕಾಮಗಾರಿಯ ಕೂಲಿ ಇಳಿಸಿದರು. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಮೇಲೊಂದಿಷ್ಟು ಚಿಲ್ಲರೆ. ಅರ್ಧ ಕಿಲೋಗೂ ಕಮ್ಮಿ ಕಾಳು ತಿಂದು ಕಲ್ಲು ಒಡೆಯಬೇಕು! ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಜಗಳ ಕಾಯ್ದ ಮೇಲೆ ಕೂಲಿ ಏರಿತು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಅದೇ ವರ್ಷದ ಜನವರಿ 1ರಂದು ದೆಹಲಿಯಲ್ಲಿ ಲಿಟನ್ನರ ಭರ್ಜರಿ ದರ್ಬಾರು. ದೇಶದ ಧಾನ್ಯ ಹಡಗು ಹತ್ತಿ ಹೊರದೇಶಕ್ಕೆ ಹೋಗುವುದೂ ನಿಲ್ಲಲಿಲ್ಲ.

ಪಕ್ಕದ ಮೈಸೂರಿನಲ್ಲೂ ಆಗ ಬ್ರಿಟಿಷರದೇ ಆಡಳಿತ. 1871ರಲ್ಲಿ ಅಲ್ಲಿ 50 ಲಕ್ಷ 55 ಸಾವಿರ ಜನ. 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರ!

ಬರ ಮುಗಿದ ಮೇಲೆ ಬುದ್ಧಿ ಬಂತು. ದೇಶದಲ್ಲಿ ಒಟ್ಟಾರೆ ಕಾಳಿಗೆ ಕೊರತೆ ಇರಲಿಲ್ಲ, ಕೂಲಿ ನಿಂತದ್ದೇ ಮುಳುವಾಯಿತು ಎಂದು 1880ರ ಕ್ಷಾಮ ಆಯೋಗವೇ ಬರೆಯಿತು. ನೂರು ವರ್ಷದ ಮೇಲೆ, 1981ರಲ್ಲಿ, ಅಮರ್ತ್ಯ ಸೇನ್ 1943ರ ಬಂಗಾಳದ ಕ್ಷಾಮವನ್ನು ಅಳೆದು ನೋಡಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.

ಅಂಗಡಿ ಮುಂದೆ ಮೂಟೆ ಸಾಲಾಗಿ ಕೂತಿದೆ ಅಂದಾಕ್ಷಣ ಊರಲ್ಲಿ ಹಸಿವಿಲ್ಲ ಅಂತ ಅಲ್ಲ. ಮಳೆ ತಪ್ಪಿದ ವರ್ಷ ಮುಗಿಲು ನೋಡಿದರೆ ಸಾಲದು. ಗುಳೆ ಹೊರಟವನ ಜೇಬು ನೋಡಬೇಕು, ಅವನ ರೇಷನ್ ಕಾರ್ಡು ನೋಡಬೇಕು.